ಬೀಗದವನ ಬಾಯಿಗೆ ಬೀಗ

ಕಟಕಟೆ ಹತ್ತುವಾಗ ಬೀಗ ರಿಪೇರಿಯವನ ಕೈ ಎಷ್ಟು ನಡುಗಿತೆಂದರೆ, ಅದರ ಪುಟ್ಟ ಬಾಗಿಲಿನ ಚಿಲಕವೇ ಕಿತ್ತು ಕೈಗೆ ಬಂತು. ಬೀಗ ಮುರಿದು ಕಳ್ಳತನ ಮಾಡಿದ ಆರೋಪ ಹೊತ್ತವನ ಕೈಯಲ್ಲಿ ಚಿಲಕ! ಕೋರ್ಟು ಗೊಳ್ಳೆಂದಿತು; ಅವನ ಜೀವ ಬಾಯಿಗೆ ಬಂತು.

“ತಪ್ಪಾಯ್ತು ಸ್ವಾಮಿ, ಎಲ್ಲಾ ನಾನೇ...” ಎಂದು ಮಾಡದ ಕಳ್ಳತನವನ್ನೂ ಒಪ್ಪಿಕೊಳ್ಳುವಷ್ಟರಲ್ಲಿ, ಸರ್ಕಾರ ಪುಕ್ಕಟೆಯಾಗಿ ಕೊಟ್ಟಿದ್ದ ವಕೀಲೆ ಧಾವಿಸಿ ಬಂದು ಕಿವಿಯಲ್ಲಿ ಗದರಿದರು: “ಅಣ್ಣಾ, ನನ್ನ ಕೇಳದೆ ಬಾಯಿ ಬಿಟ್ರೆ ಜೈಲೇ ಗತಿ!”

ಅವನು ತುಟಿ ಹೊಲಿದುಕೊಂಡಂತೆ ನಿಂತ. ಕಳ್ಳತನದ ಹೊತ್ತಿಗೆ ಅವನು ಹಲ್ಲು ಕೀಳಿಸಿಕೊಳ್ಳುತ್ತಿದ್ದನೆಂದು, ಮುಂದಿನ ವಿಚಾರಣೆಯಲ್ಲಿ ವಕೀಲೆ ದಂತವೈದ್ಯರಿಂದಲೇ ಹೇಳಿಸಿದರು.

“ಬಿಡುಗಡೆಯಾಯ್ತಪ್ಪ. ಈಗಲಾದ್ರೂ ಭಯ ಹೋಯ್ತಾ?” ಎಂದರು ನ್ಯಾಯಾಧೀಶರು.

ಅವನು ಬೆವರೊರೆಸಿಕೊಂಡ.

“ವಕೀಲಮ್ಮನ್ನ ಕೇಳಿ ಹೇಳ್ತೀನಿ, ಸ್ವಾಮಿ.”