ಅಣ್ಣ ಮುಟ್ಟದ ಪೇಡಾ

ಔರಾದಿನ ನಮ್ಮ ಶಾಲೆಯ ಮೆಟ್ಟಿಲು ಹತ್ತುವಾಗ ಬಲ ಮೊಣಕಾಲು ನೋಯತೊಡಗಿತು. ಒತ್ತಿ ನೋಡಿದರೆ ಮೇಲೊಂದು ಗಂಟು. ಬೀದರಿನ ಡಾಕ್ಟರು ಎಕ್ಸ್‌ರೇ ನೋಡಿ, "ಎಲುಬಿನ್ಯಾಗ ಗಡ್ಡಿ ಅದರಿ ಟೀಚರ್. ಸೂಜಿ ಹಾಕಿ ಚೂರು ತಗದು ನೋಡ್ಬೇಕು. ಕೆಟ್ಟದಿದ್ದು ತಡ ಆದ್ರ ಕಾಲು ಉಳಿಯೋದು ಕಷ್ಟ" ಎಂದರು.

ನಾನು ವಿಜ್ಞಾನ ಕಲಿಸುವವಳು. ಹೆದರಿಕೆಗಿಂತ ಮೊದಲು ಪ್ರಶ್ನೆಯೇ ಬಂತು: ಎಲುಬಿನೊಳಗೆ ಸೂಜಿ ಹೋಗುವುದಾದರೂ ಹೇಗೆ? ಹೋಯಿತು. ಬಂದದ್ದು ಶಾವಿಗೆ ಎಳೆಯಂಥ ಚೂರು. ಅಯ್ಯ, ಇಷ್ಟರಲ್ಲಿ ಏನು ತಿಳಿಯುತ್ತದೆ!

ವಾರದ ನಂತರ ರಿಪೋರ್ಟ್ ಬಂತು. ಬರೀ ರಕ್ತ, ಗಡ್ಡೆಯ ಕೋಶ ಕಂಡಿಲ್ಲ. ಡಾಕ್ಟರಿಗೆ ತೋರಿಸುವಷ್ಟೂ ತಾಳ್ಮೆಯಿಲ್ಲದೆ ಪೇಡಾ ಹಂಚಿಬಿಟ್ಟೆ.

ಪೇಡಾ ಮುಟ್ಟದವನು ಅಣ್ಣನೊಬ್ಬನೇ. ಭಾಲ್ಕಿ ಮಾರ್ಕೆಟ್ಟಿನಲ್ಲಿ ಚೀಲಕ್ಕೆ ಚೂಪು ಕೊಳವೆ ಚುಚ್ಚಿ, ತೊಗರಿ ಹೊರತೆಗೆದು, ಅಂಗೈಯಲ್ಲಿ ಹರಡಿ ಪರೀಕ್ಷಿಸುವುದು ಅವನ ಕೆಲಸ.

"ಎಷ್ಟ ಕಡಿ ಚುಚ್ಯಾರ?"

"ಒಂದ ಕಡಿ."

"ನಾ ಒಂದ ಚೀಲಕ್ಕ ಮೂರ ಕಡಿ ಚುಚ್ತೇನಿ. ಮ್ಯಾಲ ಚೊಲೋ ಇದ್ದು ತಳಕ್ಕ ಹುಳ ಇರ್ತಾವ."

"ನನ್ನ ಕಾಲೇನು ನಿನ್ನ ತೊಗರಿ ಚೀಲೇನು?" ಎಂದು ಸಿಡುಕಿದೆ. ಆದರೆ ಮಾತು ತಲೆಯಲ್ಲಿ ಕೊರೆಯತೊಡಗಿತು. ಮರುದಿನವೇ ಇಬ್ಬರೂ ಬೀದರಿಗೆ ಹೋದೆವು.

"ನನಗ ತೋರಸದ ಪೇಡಾ ಹಂಚಿದ್ರೇನ್ರಿ?" ಡಾಕ್ಟರು ತಲೆಯಾಡಿಸಿದರು. "ಏನೂ ಸಿಗಲಿಲ್ಲ ಅಂದ್ರ ಏನೂ ಇಲ್ಲ ಅಂತಲ್ರಿ. ಎಕ್ಸ್‌ರೇ ಬ್ಯಾರೇನೇ ಹೇಳ್ತದ."

ಈ ಸಲ ಸ್ಕ್ಯಾನ್ ನೋಡುತ್ತ ಒಂದೇ ತೂತಿನಿಂದ ಮೂರು ದಿಕ್ಕಿಗೆ ಸೂಜಿ ಹಾಕಿದರು. ಎರಡು ಚೂರಿನಲ್ಲಿ ಏನೂ ಇರಲಿಲ್ಲ. ಮೂರನೆಯದರಲ್ಲಿ ಕ್ಯಾನ್ಸರ್ ಇತ್ತು.

ಅಣ್ಣ ಕೈಮುಗಿದ. "ಎರಡು ಚೊಲೋ ಬಂದಾವಲ್ರಿ ಸಾಹೇಬ್ರ. ಇನ್ನೊಂದ ಸಲ ಚುಚ್ಚಿ ನೋಡ್ರಿ."

"ಅಣ್ಣಾ, ಮೂರನೇ ಸಲಕ್ಕ ಹುಳ ಸಿಕ್ರ ಆ ಚೀಲ ಪಾಸ್ ಮಾಡ್ತಿಯೇನು?" ಎಂದೆ ನಾನು.

ಅವನು ಖಾಲಿ ಅಂಗೈ ನೋಡಿಕೊಂಡ. "ಇಲ್ಲವ್ವ" ಎಂದವನೇ ಅತ್ತುಬಿಟ್ಟ. ಅವನು ಅಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಹೊತ್ತಿಗೆ ಸರಿಯಾಗಿ ಸಿಕ್ಕಿದೆ ಎಂದರು ಡಾಕ್ಟರು. ಔಷಧಿ, ಆಪರೇಷನ್ ಎಲ್ಲ ಆಗಿ, ಕೆಟ್ಟ ಎಲುಬಿನ ಜಾಗಕ್ಕೆ ಲೋಹ ಬಂತು. ಮತ್ತೆ ಶಾಲೆಯ ಮೆಟ್ಟಿಲು ಹತ್ತಿದ ದಿನ ಅಣ್ಣ ಕೆಳಗೆ ನಿಂತಿದ್ದ.

"ಅವತ್ತ ನೀ ಪೇಡಾ ತಿಂದಿದ್ರ," ಎಂದೆ ಮೇಲಿನಿಂದ, "ಇವತ್ತ ನಾ ಈ ಕಾಲ ಮ್ಯಾಲ ನಿಂದರ್ತಿದ್ದಿಲ್ಲ."