ಹೀನಾ ಕರೆದ ಜಾಹೀರಾತಿನ ಟೆಂಡರ್

ಬ್ಯಾಡಗಿ ಪೇಟೆಯಲ್ಲಿ ತೂಕ ಮಾಡುವ ಇಸಾಕಸಾಬನ ಮಗಳು ಹೀನಾ, ಬಿ.ಕಾಂ. ಮುಗಿಸಿ ಒಂದು ವೆಬ್‌ಸೈಟ್ ಮಾಡಿದಳು. ಆಯಾ ದಿನದ ಮೆಣಸಿನಕಾಯಿ ದರ ಸಂಜೆಯೊಳಗೆ ಅದರಲ್ಲಿ ಬರುತ್ತಿತ್ತು. ಗುಂಟೂರು, ಮುಂಬೈ ವ್ಯಾಪಾರಿಗಳೂ ನೋಡುತ್ತಿದ್ದರು. ನೋಡುವವರಿಗೆ ಖರ್ಚಿಲ್ಲ, ಬೆಂಗಳೂರಿನ ಒಂದು ಏಜೆನ್ಸಿ ಕಳಿಸುವ ಜಾಹೀರಾತಿನ ಮೇಲೆಯೇ ಎಲ್ಲ ನಡೆಯುತ್ತಿತ್ತು.

2008ರ ಕೊನೆಗೆ ಶೇರುಪೇಟೆ ನೆಲಕಚ್ಚಿತು. ಕಾರಿನವರು, ಬ್ಯಾಂಕಿನವರು ಜಾಹೀರಾತು ನಿಲ್ಲಿಸಿದರು. ಮುಂದಿನ ವರ್ಷ ಇನ್ನೂ ಕಷ್ಟ, ನಮ್ಮನ್ನು ನಂಬಬೇಡಿ ಎಂದು ಏಜೆನ್ಸಿ ಬರೆಯಿತು. ಯುಗಾದಿಯೊಳಗೆ ಬೇರೆ ಜಾಹೀರಾತು ಸಿಗದಿದ್ದರೆ ವೆಬ್‌ಸೈಟ್ ಬಂದ್.

ಹುಡುಗಿ ಅಂಗಡಿ ಅಂಗಡಿ ತಿರುಗಿದಳು. ನನ್ನ ಕೋಲ್ಡ್ ಸ್ಟೋರೇಜಿಗೂ ಬಂದು, ತಿಂಗಳಿಗೆ ಎರಡು ಸಾವಿರ ಎಂದಳು.

"ಮಾರ್ಕೆಟ್ ಬಿದ್ದೈತಿ, ಈಗ್ಯಾವ ಜಾಹೀರಾತವ್ವಾ?" ಎಂದು ಚಹಾ ಕುಡಿಸಿ ಕಳಿಸಿದೆ.

ನಿಜ ಹೇಳಲೇ? ಎರಡು ಸಾವಿರ ನನಗೆ ಭಾರವಲ್ಲ. ಆದರೆ ಮಾರುವವರೇ ದರ ಹೇಳಿದರೆ ನಮ್ಮ ಪೇಟೆಯವರಿಗೆ ಕೊಳ್ಳುವ ಹುರುಪೇ ಬರುವುದಿಲ್ಲ. ಇಲ್ಲಿ ಮಾಲು ನೋಡಿ, ಯಾರಿಗೂ ಕಾಣದಂತೆ ಚೀಟಿಯಲ್ಲಿ ದರ ಬರೆದು ಪೆಟ್ಟಿಗೆಗೆ ಹಾಕುತ್ತೇವೆ. ಹೆಚ್ಚು ಬರೆದವನಿಗೆ ಮಾಲು. ಅಪ್ಪನ ತಕ್ಕಡಿಯ ಪಕ್ಕದಲ್ಲೇ ಬೆಳೆದವಳು ಇದನ್ನು ಮರೆತಿದ್ದಳು!

ಎಂಟು ದಿನಕ್ಕೆ ನೆನಪಾಯಿತು. ವೆಬ್‌ಸೈಟಿನ ಮೇಲ್ಭಾಗದ ಜಾಗ ಒಂದು ವರ್ಷಕ್ಕೆ ಟೆಂಡರ್, ಗುರುವಾರ ನಾಲ್ಕಕ್ಕೆ ಚೀಟಿ ಬಿಚ್ಚುವುದು ಎಂದು ಪೇಟೆ ತುಂಬ ಸಾರಿದಳು.

ಆಗ ನೋಡಬೇಕಿತ್ತು ನಮ್ಮ ಗಡಿಬಿಡಿ. ದರ ಬಿದ್ದಾಗಲೇ ಜನ ಮಾಲು ಮಾರದೆ ಕೋಲ್ಡ್ ಸ್ಟೋರೇಜಿಗೆ ತರುವುದು; ನಮಗೆ ಜಾಹೀರಾತು ಬೇಕಾದದ್ದೂ ಆಗಲೇ. ಎದುರಿನ ಸ್ಟೋರೇಜಿನ ಮೈಲಾರಪ್ಪ ಚೀಟಿ ಹಾಕುತ್ತಾನೆಂದ ಮೇಲೆ ನಾನು ಬಿಡುತ್ತೇನೆಯೇ? ಮೂವತ್ತು ಸಾವಿರ ಬರೆದೆ. ರಾಣೇಬೆನ್ನೂರಿನ ಬೀಜದಂಗಡಿಯವರೂ ಬಂದಿದ್ದರು.

ಗುರುವಾರ ಹತ್ತೊಂಬತ್ತು ಚೀಟಿಗಳನ್ನೂ ಇಸಾಕಸಾಬನೇ ಬಿಚ್ಚಿ ಓದಿದ. ಕೊನೆಯದನ್ನು ಎರಡು ಸಲ ಓದಿದ.

"ಮೈಲಾರಪ್ಪನವರು, ಮೂವತ್ತು ಸಾವಿರದ ನೂರು."

ಏಜೆನ್ಸಿ ಇಡೀ ವರ್ಷ ಕೊಟ್ಟದ್ದಕ್ಕಿಂತ ಹೆಚ್ಚು. ನನಗೋ ಮೈಯೆಲ್ಲ ಉರಿ. ಹೀನಾಳನ್ನು ಬದಿಗೆ ಕರೆದೆ.

"ನಲವತ್ತು ಸಾವಿರ ಕೊಡ್ತೇನಿ, ನನಗ ಮಾಡಿಬಿಡವ್ವಾ."

"ಚೀಟಿ ಬಿಚ್ಚಿದ ಮ್ಯಾಲೆ ದರ ಏರಸಾಕ ಬರಂಗಿಲ್ರಿ, ರುದ್ರಮುನಿ ಕಾಕಾ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. "ಮುಂದಿನ ವರ್ಷ ಬರ್ರಿ."

ಮುಂದಿನ ವರ್ಷ! ಯುಗಾದಿಗೆ ಬಂದ್ ಆಗಬೇಕಿದ್ದ ವೆಬ್‌ಸೈಟಿಗೆ! ಪೇಟೆಯವರೆಲ್ಲ ಚಪ್ಪಾಳೆ ಹೊಡೆದರು. ಸೋತ ನಾನೂ ಹೊಡೆದೆ.