ಗೇರು ಸಿಪ್ಪೆಯ ಉರಿ

ಬಾಪೂಸಾಹೇಬ ಬುಧವಾರ ನಸುಕಿನಲ್ಲಿ ಎದೆನೋವಿನಿಂದ ತೀರಿಕೊಂಡ. ಇಚಲಕರಂಜಿಯಲ್ಲಿ ಅವನದೊಂದು ಸೈಜಿಂಗ್ ಇತ್ತು. ನೂಲಿಗೆ ಗಂಜಿ ಕುಡಿಸಿ, ಬೀಮೆಂಬ ದೊಡ್ಡ ಉರುಳೆಗೆ ಸುತ್ತಿ ಮಗ್ಗದವರಿಗೆ ಕೊಡುವ ಕೆಲಸ. ನೇಸರಿಯ ಸಿದ್ದರಾಯನಿಗೆ ಅವನು ಗಡಹಿಂಗ್ಲಜದ ಕಾಲೇಜಿನ ದಿನಗಳಿಂದ ಗೆಳೆಯ.

ಸುಮ್ಮನೆ ಕೂರುವುದು ಬಾಪೂನಿಗೆ ಬರುತ್ತಿರಲಿಲ್ಲ. ಮಿಸಳ ತಿನ್ನುವಾಗಲೂ ಕೈಯಾಡಿಸಿ ಮಾತಾಡಿ ಅಂಗಿಗೆ ಅದರ ಖಾರದ ರಸ್ಸಾ ಸಿಡಿಸಿಕೊಳ್ಳುವವನು. ಅಂಥದೇ ಒಂದು ಮಿಸಳದ ಮುಂದೆ ಇಬ್ಬರೂ ಮಾತು ಕೊಟ್ಟುಕೊಂಡಿದ್ದರು. ಸಿದ್ದರಾಯ ಎಥೆನಾಲ್ ಸಾಗಿಸುವ ಟ್ಯಾಂಕರ್ ಕೊಳ್ಳುವುದು. ಬಾಪೂ ಸಕ್ಕರೆ ಕಾರಖಾನೆಗೆ ಮುಂಗಡ ಕೊಟ್ಟು, ವರ್ಷಕ್ಕಾಗುವಷ್ಟು ಕಬ್ಬಿನ ಸಿಪ್ಪೆಯನ್ನು ತನ್ನ ಬಾಯ್ಲರಿನ ಉರುವಲಿಗೆ ಗೊತ್ತುಮಾಡಿಕೊಳ್ಳುವುದು. "ನೀ ಮುಳುಗಿದ್ರ ನಾ ಎತ್ತತೇನಿ, ನಾ ಮುಳುಗಿದ್ರ ನೀ ಎತ್ತು," ಎಂದಿದ್ದ ಬಾಪೂ.

ಆ ಚಳಿಗಾಲ ಕಬ್ಬಿನ ರಸದಿಂದ ಎಥೆನಾಲ್ ಮಾಡುವುದಕ್ಕೆ ಸರ್ಕಾರ ಏಕಾಏಕಿ ತಡೆ ಹಾಕಿತು. ಟ್ಯಾಂಕರ್ ಅಂಗಳದಲ್ಲಿ ನಿಂತಿತು. ಸಿದ್ದರಾಯ ಫೋನು ಮಾಡಿದ.

"ಬಾಪೂ, ನಾ ಮುಳುಗಿದ್ನೆಪಾ. ಎತ್ತು."

"ಹೆಂಗ ಎತ್ಲೋ? ನಾನೂ ನೀರಾಗ ಅದೇನಿ!"

ಎಥೆನಾಲ್ ದುಡ್ಡು ನಿಂತ ಮೇಲೆ ಕಾರಖಾನೆಗೆ ಬೇಗ ಕೈಸೇರುವ ಹಣವೆಂದರೆ ಕರೆಂಟಿನದೊಂದೇ. ಇದ್ದ ಸಿಪ್ಪೆಯನ್ನೆಲ್ಲ ತಾನೇ ಸುಟ್ಟು ಕರೆಂಟು ಮಾರತೊಡಗಿತ್ತು. ಬಾಪೂನ ಲಾರಿ ಗೇಟಿನಿಂದಲೇ ಖಾಲಿ ಮರಳಿತ್ತು. ಸಿಪ್ಪೆ ಸಿಗದವರೆಲ್ಲ ಕಲ್ಲಿದ್ದಲಿಗೆ ಮುಗಿಬಿದ್ದು ಅದರ ದರವೂ ಏರಿತ್ತು.

"ಬ್ಯಾರೆ ಬ್ಯಾರೆ ಧಂದೆ ಅಂತ ತಿಳಿದಿದ್ವಿ. ಎರಡನ್ನೂ ಒಂದ ಕಬ್ಬಿಗೆ ಕಟ್ಟಿದ್ವಲ್ಲೋ!" ಎಂದ ಬಾಪೂ, ಹೊಸದೇನೋ ಕಂಡುಹಿಡಿದವನ ಹುರುಪಿನಲ್ಲಿ.

ಬಾಯ್ಲರ್ ಆರಿತು. ಇನ್ನೊಂದು ವಾರ ಹೀಗೇ ಹೋದರೆ ಮಗ್ಗದವರು ನೂಲನ್ನು ಬೇರೆ ಸೈಜಿಂಗಿಗೆ ಒಯ್ಯುವವರಿದ್ದರು. ಹಾಗೆ ಹೋದವರು ಮತ್ತೆ ಬರುವುದಿಲ್ಲ.

ಮರುದಿನವೇ ಬಾಪೂ ನೇಸರಿಯಲ್ಲಿ ಎಸ್‌ಟಿ ಬಸ್ಸಿನಿಂದ ಇಳಿದ. "ನಡಿ ಕೋವಾಡಕ್ಕ. ಕಬ್ಬಿನ ಸುದ್ದೀನ ಇರದ ಉರುವಲ ಬೇಕು."

ಆ ಕಡೆ ಗೇರುಬೀಜ ಒಡೆಯುವ ಶೆಡ್ಡೊಂದರ ಹಿಂದೆ, ಎಣ್ಣೆ ತೆಗೆದ ಸಿಪ್ಪೆ ಗುಡ್ಡೆಗುಡ್ಡೆಯಾಗಿ ಬಿದ್ದಿತ್ತು. ಬಾಪೂ ಅಲ್ಲೇ ಒಂದು ಬೊಗಸೆ ಬದಿಗಿಟ್ಟು ಕಡ್ಡಿ ಗೀರಿದ. ಭಗ್ಗೆಂದಿತು.

"ಸರೀರಿ ಸಾಹೇಬ್ರ, ಮೀಸಿ ಸುಟ್ಟೀತು!" ಶೆಡ್ಡಿನ ಹಣಮಪ್ಪ ಕೂಗಿದ.

"ಮೀಸಿ ಮತ್ತ ಬರ್ತೇತಿ ಬಿಡ್ರಿ! ಸಿದ್ಯಾ, ಟ್ಯಾಂಕರ್ ಇರ್ಲಿ, ನಿನ್ನ ಟ್ರ್ಯಾಕ್ಟರ್ ತಗೀ. ಬಾಡಿಗಿ ನಿಂದು, ಬೆಂಕಿ ನಂದು!"

ಸಿದ್ದರಾಯನ ಟ್ರ್ಯಾಕ್ಟರು ಮೊದಲ ಹೇರು ಸಿಪ್ಪೆ ಇಳಿಸಿ ಬಂದ ಮಂಗಳವಾರ ಸಂಜೆ ಬಾಪೂನ ಕೊನೆಯ ಫೋನು ಬಂತು.

"ಬಾಯ್ಲರಿನ ಮುಳ್ಳು ಏರಾಕತ್ತೇತಿ ಸಿದ್ಯಾ! ಉಗಿ ಬಂತು!"

ಹಿಂದಿನಿಂದ ಅವನ ಹೆಂಡತಿ ರತ್ನಮಾಲಾಳ ದನಿ. "ಮನ್ಯಾಗ ಗ್ಯಾಸ್ ಹಚ್ಚಂದ್ರ ಏಳಾಂಗಿಲ್ಲ. ಇಲ್ಲಿ ಬೆಂಕಿ ಮುಂದ ಕುಣ್ಯಾಕತ್ತಾರ ನೋಡ್ರಿ!"

"ಮಗ್ಗದವ್ರಿಗೆ ಫೋನ್ ಮಾಡಿ ಹೇಳೇನ?" ಸಿದ್ದರಾಯ ಕೇಳಿದ.

"ಫೋನ್ ಯಾಕ? ತಡಿ, ನೀನೂ ಕೇಳು."

ಬಾಪೂ ಮೊಬೈಲನ್ನು, ಮಗ್ಗದ ಓಣಿಗಳಿಗೆಲ್ಲ ಕೇಳುವಂತೆ ಕೂಗುವ ಸೈಜಿಂಗಿನ ಭೋಂಗಾದತ್ತ ಎತ್ತಿ ಹಿಡಿದು, ಗುಂಡಿ ಒತ್ತಿದ.